ಮಣಿ ಪೋಣಿಸಿ ಶಂಖದ ವಿಷ ಕಟ್ಟುವುದು

ಬಿ.ಎಸ್ಸಿ. ತರಗತಿಯಲ್ಲಿ ಪ್ರೋಟೀನಿನ ಮಡಿಕೆ ಪಾಠಕ್ಕೆ ನಾನು ಬೋರ್ಡಿಗಿಂತ ಬಳೆ ಅಂಗಡಿಯನ್ನೇ ನೆಚ್ಚಿಕೊಂಡವನು. 25 ಮಣಿ, ಒಂದು ಮೊಳ ಗಾಳದ ನೈಲಾನ್ ದಾರ, ಮೂರು ತುಂಡು ತಾಮ್ರದ ತಂತಿ ತನ್ನಿ. ಒಂದೊಂದು ಮಣಿಯೂ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ಸರದ ಒಂದು ಕೊಂಡಿ. ಕಟ್ಟುವುದು ಶಂಖದ ವಿಷದಲ್ಲಿರುವ ಒಂದು ಪುಟ್ಟ ಸರ, ಒಮೇಗಾ-ಕೋನೋಟಾಕ್ಸಿನ್ ಎಂವಿಐಐಎ. ಹೆಸರಿಗೆ ಹೆದರಬೇಡಿ: ಒಮೇಗಾ ಅಂದರೆ ನರಕೋಶದೊಳಕ್ಕೆ ಕ್ಯಾಲ್ಸಿಯಂ ಬಿಡುವ ಬಾಗಿಲಿಗೆ, ಅಂದರೆ ಕ್ಯಾಲ್ಸಿಯಂ ಚಾನೆಲ್ಲಿಗೆ, ಬೆಣೆ ಹೊಡೆಯುವ ಗುಂಪು, ಎಂ ಅಂದರೆ ಕಾನಸ್ ಮ್ಯಾಗಸ್ ಎಂಬ ಕಡಲ ಶಂಖ. ಉಟಾ ವಿಶ್ವವಿದ್ಯಾಲಯದ ಬಾಲ್ಡೊಮೆರೊ ಒಲಿವೆರಾ ಅವರ ಲ್ಯಾಬಿನಲ್ಲಿ ಇದನ್ನು ಬೇರ್ಪಡಿಸಿದ ಮೈಕಲ್ ಮ್ಯಾಕಿಂಟಾಶ್ ಆಗಿನ್ನೂ ಪದವಿ ವಿದ್ಯಾರ್ಥಿ. ಇಷ್ಟು ಹೇಳಿದರೆ ಹಿಂದಿನ ಬೆಂಚೂ ಎದ್ದು ಕೂರುತ್ತದೆ.

ಸಿಸ್ಟೀನಿಗೆ ಹಳದಿ ಮಣಿ, ಗಂಧಕದ ಬಣ್ಣ ನೆನಪಿರಲಿ ಅಂತ: 1, 8, 15, 16, 20, 25ನೇ ಜಾಗ. ಧನ ಆವೇಶದ ಲೈಸಿನ್, ಆರ್ಜಿನಿನ್‌ಗಳಿಗೆ ನೀಲಿ: 2, 4, 7, 10, 21, 24. 13ಕ್ಕೆ ದೊಡ್ಡ ಹಸಿರು ಮಣಿ, ಅದು ಟೈರೋಸಿನ್. 14ಕ್ಕೆ ಕೆಂಪು, ಆಸ್ಪಾರ್ಟೇಟ್. ಉಳಿದ 11 ಬಿಳಿ.

ಎರಡು ಸಿಸ್ಟೀನಿನ ನಡುವಿನ ಗಂಧಕದ ಬಂಧಕ್ಕೆ ಒಂದು ತಂತಿ. ಆರು ಹಳದಿ ಮಣಿಗಳನ್ನು ಜೋಡಿ ಮಾಡಲು 15 ದಾರಿಗಳಿವೆ, ಶಂಖ ಬಳಸುವುದು ಒಂದನ್ನೇ. ಮೊದಲು 1ಕ್ಕೆ 16, 8ಕ್ಕೆ 20 ತಂತಿ ಕಟ್ಟಿ. ಈ ಎರಡು ತಂತಿ, ನಡುವಿನ ದಾರ ಸೇರಿ ಒಂದು ಬಳೆಯಾಗುತ್ತದೆ. 15ರಿಂದ 25ಕ್ಕೆ ಹೋಗುವ ಮೂರನೆಯ ತಂತಿ ಆ ಬಳೆಯೊಳಗಿಂದ ತೂರಲೇಬೇಕು, ಆಗಲೇ ಅದು ಗಂಟು. ಮೊದಲ ವರ್ಷ ನಾನೇ ಅದನ್ನು ಹೊರಗಿನಿಂದ ಸುತ್ತಿ ತಂದಿದ್ದೆ. "ಸರ್, ಇದು ಗಂಟಲ್ಲ, ಬರೀ ಸುತ್ತು" ಅಂದಳು ಒಬ್ಬಳು. ಅವಳೇ ಸರಿ.

ಈಗ ಎರಡೂ ತುದಿ ಹಿಡಿದು ಎಳೆಯಿರಿ, ಆಕಾರ ಜಗ್ಗುವುದಿಲ್ಲ. ಆಮೇಲೆ ಮೂರೂ ತಂತಿ ಬಿಚ್ಚಿ: ಕೈಯಲ್ಲಿ ಉಳಿಯುವುದು ಜೋಲುವ ಸರ. ಲ್ಯಾಬಿನಲ್ಲಿ ಡೈಥಯೋಥ್ರೀಟಾಲ್ ಎಂಬ ರಾಸಾಯನಿಕ ಗಂಧಕದ ಬಂಧ ಮುರಿದು ಮಾಡುವುದೂ ಇದನ್ನೇ.

(ಮಾದರಿಗೆ ನಿಜವಾದ ಶಂಖ ಬೇಕೆಂದು ಜೀವಂತ ಕೋನ್ ಶಂಖ ಎತ್ತಿ ಜೇಬಿಗೆ ಹಾಕಬೇಡಿ. ಕಾನಸ್ ಜಿಯೋಗ್ರಾಫಸ್ ಮನುಷ್ಯರನ್ನು ಕೊಂದದ್ದಿದೆ, ಅದಕ್ಕೆ ಪ್ರತಿವಿಷವಿಲ್ಲ.)

ಇದೇ ಅಣುವನ್ನು ಲ್ಯಾಬಿನಲ್ಲಿ ತಯಾರಿಸಿದರೆ ಅದರ ಹೆಸರು ಜಿಕೊನೊಟೈಡ್. ತೀವ್ರ ನೋವಿಗೆ ಅಮೆರಿಕ 2004ರಲ್ಲಿ ಒಪ್ಪಿದ ಔಷಧಿ ಇದು, ಪಂಪಿನಿಂದ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಬಿಡಬೇಕು.

ಕೊನೆಗೆ ತಂತಿಗಳನ್ನು ಮತ್ತೆ ಕಟ್ಟಿ, 13ರ ಹಸಿರು ಮಣಿ ತೆಗೆದು ಬಿಳಿಯದು ಹಾಕಿ. ಗಂಟು ಹಾಗೇ ಇದೆ. ಆದರೆ ಚಾನೆಲ್ಲಿನ ಮೇಲಿನ ಹಿಡಿತ ಪೂರಾ ಸಡಿಲ.