ಹಳೆಯ ತೊಟ್ಟಿ ಮನೆಯಲ್ಲಿ ಉಳಿಯಲು ಹೋಗುವವರಿಗೆ

ಸಕಲೇಶಪುರ, ಮೂಡಿಗೆರೆ ಕಡೆ ದುರಸ್ತಿ ಮಾಡಿದ ಹಳೆಯ ತೋಟದ ಮನೆಗಳಲ್ಲಿ ಉಳಿಯಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ಕೋಣೆ ಕಾಯ್ದಿರಿಸುವಾಗಲೇ ಬಚ್ಚಲು ಮಲಗುವ ಕೋಣೆಗೆ ಹೊಂದಿಕೊಂಡಿದೆಯೇ, ಅಂಗಳ ದಾಟಿ ಹೋಗಬೇಕೇ ಎಂದು ಕೇಳಿಕೊಳ್ಳಿ. ನನ್ನ ಅತ್ತೆಯವರಿಗೆ ಮಂಡಿ ನೋವು. ಕೇಳದೆ ಹೋಗಿದ್ದರಿಂದ ಎರಡು ರಾತ್ರಿ ಅವರು ಪಟ್ಟ ಪಾಡು ನನಗಿನ್ನೂ ನೋವು ತರುತ್ತದೆ. ಅಟ್ಟದ ಮೇಲಿನ ಕೋಣೆಯಾದರೆ ಮೆಟ್ಟಿಲು ಎಷ್ಟು ಕಡಿದಾಗಿದೆ ಎಂಬುದನ್ನೂ ವಿಚಾರಿಸಿ. ಬಾಗಿಲುಗಳು ಗಿಡ್ಡ, ಹೊಸ್ತಿಲು ಎತ್ತರ. ಮಕ್ಕಳಿಗೆ ಮೊದಲೇ ತೋರಿಸಿ.

ಕಾವಿ ಬಣ್ಣದ ರೆಡ್ ಆಕ್ಸೈಡ್ ನೆಲದ ಮೇಲೆ ಸೂಟ್‌ಕೇಸ್ ಎಳೆಯಬೇಡಿ, ಎತ್ತಿಕೊಂಡು ಹೋಗಿ. ಆ ಗೀರನ್ನು ಕಾಣದಂತೆ ಸರಿಪಡಿಸುವುದು ಬಹಳ ಕಷ್ಟ, ತೇಪೆಯ ಬಣ್ಣ ಹಳೆಯದಕ್ಕೆ ಹೊಂದುವುದೇ ಇಲ್ಲ. ಗಾರೆ ಗೋಡೆಗೆ ಒದ್ದೆ ಬಟ್ಟೆ ತಾಗಿಸಬೇಡಿ, ಮೊಳೆಯಂತೂ ಬೇಡವೇ ಬೇಡ. ದೇವರ ಕೋಣೆಯ ಫೋಟೊ ತೆಗೆಯುವ ಮುನ್ನ ಮನೆಯವರನ್ನು ಕೇಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರು. ಕರೆಂಟು ಹೋಗುವುದು ಮಾಮೂಲು, ಟಾರ್ಚ್ ಜೊತೆಗಿರಲಿ. ತೋಟಕ್ಕೆ ಇಳಿದರೆ ಜಿಗಣೆ ಹತ್ತುತ್ತದೆ. ಕಿತ್ತೆಳೆಯದೆ ಸ್ವಲ್ಪ ಉಪ್ಪು ಹಾಕಿದರೆ ತಾನೇ ಬಿಡುತ್ತದೆ. ಆದರೂ ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಕೇಳಲು ನಾನು ಆ ತಿಂಗಳುಗಳನ್ನೇ ಆರಿಸುತ್ತೇನೆ.

ಊಟಕ್ಕೆ ಅಕ್ಕಿ ರೊಟ್ಟಿ, ಕಡುಬು ಬೇಕಿದ್ದರೆ ಹಿಂದಿನ ದಿನವೇ ತಿಳಿಸಿ. ಕತ್ತಲಾಗುವ ಮೊದಲು ತಲುಪಿ, ತೋಟದ ದಾರಿಯಲ್ಲಿ ಮೊಬೈಲ್ ಸಿಗ್ನಲ್ ಸಿಗುವ ಭರವಸೆಯಿಲ್ಲ.