ಏಂಜೆಲ್ ಮೀನಿನ ಕಣ್ಣಿನ ಪೊರೆ, ಒಂದು ಬಕೆಟ್ ಬಾವಿ ನೀರು

ಹೊಸ ಸಮುದ್ರ ಮೀನು ತಂದರೆ ನಾಲ್ಕು ವಾರ ಬೇರೆ ತೊಟ್ಟಿಯಲ್ಲೇ ಇಡುತ್ತೇನೆ. 40 ಲೀಟರಿನ ಗಾಜಿನ ತೊಟ್ಟಿ. ಮರಳಿಲ್ಲ, ಕಲ್ಲಿಲ್ಲ. ಒಂದು ಸ್ಪಂಜ್ ಫಿಲ್ಟರ್, ಅಡಗಿ ಕೂರಲು ಎರಡು ಪಿವಿಸಿ ಪೈಪಿನ ತುಂಡು, ಅಷ್ಟೇ. ಕಳೆದ ಮಳೆಗಾಲದಲ್ಲಿ ಕಾಸರಗೋಡು ಕಡೆಯ ಬದಿಯಡ್ಕದ ನಮ್ಮ ಮನೆಗೆ ಕೋರಾನ್ ಏಂಜೆಲ್ ಮರಿಯೊಂದು ಬಂತು. ಕಪ್ಪುನೀಲಿ ಮೈ ಮೇಲೆ ಬಿಲ್ಲಿನಂಥ ಬಿಳಿ ಗೆರೆಗಳು.

ಮೂರನೇ ದಿನ ಸಿಗಡಿ ಚೂರನ್ನು ಮೂಸಿಯೂ ನೋಡಲಿಲ್ಲ. ಪೈಪಿಗೆ ಮೈ ಉಜ್ಜುತ್ತಿತ್ತು, ಉಸಿರು ಜೋರಾಗಿತ್ತು. ಅಮ್ಮ ಬಗ್ಗಿ ನೋಡಿ, "ಇದರ ಕಣ್ಣಿಗೆ ಪೊರೆ ಬಂದ ಹಾಗೆ ಉಂಟಲ್ಲ ಮಗಾ?" ಎಂದರು. ಹೌದು, ಎರಡೂ ಕಣ್ಣು ಮಸುಕಾಗಿದ್ದವು.

ಕೈ ಬಿಳಿ ಚುಕ್ಕೆ, ವೆಲ್ವೆಟ್ ರೋಗಗಳಿಗೆ ಹಾಕುವ ತಾಮ್ರದ ಮದ್ದಿನ ಬಾಟಲಿಗೆ ಹೋಗಿತ್ತು. ಅಲ್ಲೇ ತಡೆದೆ. ಬಿಳಿ ಚುಕ್ಕೆ ರೋಗವಾದರೆ ಮೈ ಮೇಲೆ ಉಪ್ಪಿನ ಹರಳಿನಂಥ ಚುಕ್ಕೆ ಕಾಣಬೇಕು. ವೆಲ್ವೆಟ್ ಆದರೆ ಟಾರ್ಚ್ ಬೆಳಕಿನಲ್ಲಿ ನುಣ್ಣನೆ ಧೂಳು ಹಿಡಿದಂತೆ ಕಾಣುತ್ತದೆ. ಎರಡೂ ಇರಲಿಲ್ಲ. ಏಂಜೆಲ್ ಮೀನು, ಮಸುಕು ಕಣ್ಣು, ಮೈ ತುರಿಕೆ ಅಂದರೆ ನನಗೆ ಮೊದಲು ಅನುಮಾನ ಬರುವುದು ಫ್ಲೂಕ್ ಹುಳದ ಮೇಲೆ. ಈ ಹುಳ ಪಾರದರ್ಶಕ. ಮೈಗೆ ಅಂಟಿರುವಾಗ ಕಾಣುವುದೇ ಇಲ್ಲ. ಸಿಹಿ ನೀರು ತಾಗಿದರೆ ಬೆಳ್ಳಗಾಗಿ ಉದುರುತ್ತದೆ. ಹಾಗಾಗಿ ಸಿಹಿ ನೀರಿನ ಸ್ನಾನ ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು.

ನಮ್ಮ ಕಡೆಯವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಬಾವಿ ನೀರಿನಲ್ಲಿ ಕ್ಲೋರಿನ್ ಇಲ್ಲ, ಅದು ಒಳ್ಳೆಯದೇ. ಆದರೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ನೆಲದ ನೀರು ಹುಳಿ ಜಾಸ್ತಿ. ಪಿಎಚ್ ಕಡಿಮೆಯಾದಷ್ಟೂ ಹುಳಿ ಜಾಸ್ತಿ, ನಮ್ಮ ಬಾವಿಯದ್ದು 6 ಸಹ ಬರುವುದಿಲ್ಲ. ತೊಟ್ಟಿಯಲ್ಲಿ ಪಿಎಚ್ 8.2ರಲ್ಲಿದ್ದ ಮೀನನ್ನು ಸೀದಾ ಅದಕ್ಕೆ ಹಾಕಿದರೆ ಗತಿಯೇನು? ಕಪ್ಪು ಬಕೆಟಿನಲ್ಲಿ ನೀರು ತುಂಬಿ, ಅಡುಗೆ ಸೋಡ ಸ್ವಲ್ಪ ಸ್ವಲ್ಪವೇ ಕದಡಿ 8.2ಕ್ಕೆ ತಂದೆ. ಒಂದು ಗಂಟೆ ಗಾಳಿ ಬಿಟ್ಟೆ. ಉಷ್ಣತೆಯನ್ನೂ ತೊಟ್ಟಿಯ 26 ಡಿಗ್ರಿಗೆ ಹೊಂದಿಸಿದೆ.

ಮೀನು ಇಳಿದ ಕೂಡಲೇ ಬದಿಗೆ ವಾಲಿ ಮಲಗಿತು. ಎದೆ ಧಸಕ್ಕೆಂದಿತು. ಆದರೂ ಕಿವಿರು ಆಡುತ್ತಿತ್ತು, ಹಾಗಾಗಿ ಕಾದೆ. ಎರಡನೇ ನಿಮಿಷಕ್ಕೆ ಬಕೆಟಿನ ತಳದಲ್ಲಿ ಎಳ್ಳಿನ ಕಾಳಿನಂಥ ಬಿಳಿ ಚೂರುಗಳು! ಐದು ನಿಮಿಷ ಆಗುವಾಗ ಮೂವತ್ತು ದಾಟಿತ್ತು. ಕಪ್ಪು ಬಕೆಟ್ ಅಲ್ಲದಿದ್ದರೆ ಅವು ಕಣ್ಣಿಗೇ ಬೀಳುತ್ತಿರಲಿಲ್ಲ.

ತೊಳೆದಿಟ್ಟ ಇನ್ನೊಂದು ತೊಟ್ಟಿಗೆ ಮೀನನ್ನು ಬಿಟ್ಟೆ. ಹಳೆಯದರಲ್ಲಿ ಹುಳದ ಮೊಟ್ಟೆ ಇರುತ್ತದಲ್ವಾ? ಮದ್ದು ಪ್ರಾಜಿಕ್ವಾಂಟೆಲ್, ಲೀಟರಿಗೆ 2.5 ಮಿಲಿಗ್ರಾಂ. 40 ಲೀಟರಿಗೆ 100. ಅಂದರೆ 600ರ ಮಾತ್ರೆಯಲ್ಲಿ ಆರನೇ ಒಂದು ಪಾಲು. ನಾಯಿಯ ಜಂತುಹುಳದ ಮಾತ್ರೆಗಳಲ್ಲಿ ಬೇರೆ ಮದ್ದೂ ಬೆರೆತಿರುತ್ತದೆ, ಅದು ಬೇಡ. ಪ್ರಾಜಿಕ್ವಾಂಟೆಲ್ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ನುಣ್ಣಗೆ ಪುಡಿ ಮಾಡಿ, ಬಾಟಲಿಯಲ್ಲಿ ತೊಟ್ಟಿಯ ನೀರು ಹಾಕಿ ಚೆನ್ನಾಗಿ ಕುಲುಕಿ ಸುರಿದೆ. ಗಾಳಿ ಜಾಸ್ತಿ ಬಿಟ್ಟೆ. ಆ ವಾರ ಕರೆಂಟ್ ದಿನಕ್ಕೆರಡು ಸಲ ಹೋಗುತ್ತಿತ್ತು. ಬ್ಯಾಟರಿ ಪಂಪ್ ಇದ್ದುದರಿಂದ ಮೀನು ಉಳಿಯಿತು.

ಈ ಮದ್ದಿಗೆ ಮೊಟ್ಟೆ ಸಾಯುವುದಿಲ್ಲ. ಅದಕ್ಕೇ ಏಳನೇ ದಿನ ನೀರು ಬದಲಿಸಿ ಇನ್ನೊಂದು ಸಲ ಹಾಕಿದೆ. ಮೊಟ್ಟೆ ಬಲೆಗೂ ಅಂಟುತ್ತದೆ. ಹಾಗಾಗಿ ಬಲೆಯನ್ನು ಬಿಸಿ ನೀರಿನಲ್ಲಿ ಅದ್ದಿ, ಬಿಸಿಲು ಬಂದ ದಿನ ಒಣಗಿಸಿದೆ.

ಹತ್ತನೇ ದಿನ ಮೀನು ಸಿಗಡಿ ತಿಂದಿತು. ಮೂರನೇ ವಾರ ಮತ್ತೆ ಐದು ನಿಮಿಷ ಸಿಹಿ ನೀರಿಗೆ ಇಳಿಸಿ ನೋಡಿದೆ. ಬಕೆಟಿನ ತಳದಲ್ಲಿ ಒಂದು ಚೂರೂ ಇರಲಿಲ್ಲ. ಕಣ್ಣೆರಡೂ ಕಪ್ಪಗೆ ಹೊಳೆಯುತ್ತಿದ್ದವು. ಮೊದಲು ಅಮ್ಮನನ್ನೇ ಕರೆದು ತೋರಿಸಿದೆ.