ಕೆಲಸದಲ್ಲಿ ಪೆಟ್ಟಾದರೆ ಪರಿಹಾರ: ಆಸ್ಪತ್ರೆಯ ಮೊದಲ ಚೀಟಿಯಿಂದ ಹಣ ಕೈಸೇರುವವರೆಗೆ

ಪವರ್ ಪ್ರೆಸ್ಸಿಗೆ ಬೆರಳು ಸಿಕ್ಕ ಕಾರ್ಮಿಕನನ್ನು ಆಸ್ಪತ್ರೆಗೆ ತಂದಾಗ ಕ್ಯಾಶುವಾಲ್ಟಿಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಹೇಗಾಯಿತು?’ ನೋವಿನಲ್ಲಿರುವವನ ಬದಲು ಜೊತೆಗೆ ಬಂದ ಸೂಪರ್‌ವೈಸರ್ ‘ಬೈಕಿನಿಂದ ಬಿದ್ದ’ ಎಂದು ಹೇಳಿದರೆ ವೈದ್ಯರು ಅದನ್ನೇ ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ಒಂದೂವರೆ ವರ್ಷದ ನಂತರ ವಿಚಾರಣೆಯಲ್ಲಿ ಎದುರು ಪಕ್ಷದ ವಕೀಲರು ಮೊದಲು ತೆಗೆದು ತೋರಿಸುವುದು ಆ ಒಂದು ಸಾಲನ್ನೇ. ಪರಿಹಾರದ ಅರ್ಜಿಗಳು ಬಿದ್ದುಹೋಗುವುದು ಕಾನೂನು ದುರ್ಬಲವಾಗಿರುವುದರಿಂದಲ್ಲ. ಮೊದಲ ಎರಡು ದಿನಗಳ ಕಾಗದ ತಪ್ಪಾಗಿರುವುದರಿಂದ. ಆದ್ದರಿಂದ ಕಾಗದದಿಂದಲೇ ಶುರುಮಾಡೋಣ.

ಮೊದಲ ಎರಡು ದಿನ

ಆಸ್ಪತ್ರೆಯಲ್ಲಿ ಗಾಯಾಳು ಅಥವಾ ಮನೆಯವರು ಹೇಳಬೇಕಾದ್ದು ಇಷ್ಟು: ಯಾವ ಕಾರ್ಖಾನೆ ಅಥವಾ ಸೈಟ್, ಎಷ್ಟು ಗಂಟೆಗೆ, ಯಾವ ಯಂತ್ರ ಅಥವಾ ಎಷ್ಟು ಎತ್ತರದಿಂದ, ಯಾವ ಕೆಲಸ ಮಾಡುತ್ತಿದ್ದಾಗ. ಇದನ್ನು ಎಂಎಲ್‌ಸಿ (ಮೆಡಿಕೊ-ಲೀಗಲ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ) ಪ್ರಕರಣವೆಂದು ದಾಖಲಿಸಲು ಕೇಳಿ. ಹಾಗೆ ದಾಖಲಾದರೆ ಆಸ್ಪತ್ರೆಯಿಂದ ಪೊಲೀಸ್ ಠಾಣೆಗೆ ಮಾಹಿತಿ ಹೋಗುತ್ತದೆ, ಮುಂದೆ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ) ಪಡೆಯುವುದೂ ಸುಲಭ. ತಪ್ಪು ಬರೆದಿದ್ದಾರೆಂದು ತಿಳಿದ ಕೂಡಲೇ ಆಸ್ಪತ್ರೆಯ ಅಧೀಕ್ಷಕರಿಗೆ ಲಿಖಿತ ಮನವಿ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬರೆದದ್ದನ್ನು ಅವರು ತಿದ್ದದಿರಬಹುದು. ಆದರೂ ಘಟನೆ ನಡೆದ ನಾಲ್ಕೇ ದಿನದಲ್ಲಿ ನೀವು ತಕರಾರು ಮಾಡಿದ್ದಿರಿ ಎಂಬುದಕ್ಕೆ ಆ ಸೀಲೇ ಸಾಕ್ಷಿ.

ಮಾಲೀಕರಿಗೂ ಬರವಣಿಗೆಯಲ್ಲೇ ತಿಳಿಸಿ. ಗಾಯಾಳುವಿನ ಹೆಸರು ಮತ್ತು ವಿಳಾಸ, ದಿನಾಂಕ, ಸ್ಥಳ, ಪೆಟ್ಟಾದ ಕಾರಣ ಇವನ್ನು ಸರಳ ಕನ್ನಡದಲ್ಲಿ ಅರ್ಧ ಪುಟ ಬರೆದು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಮತ್ತು ಪ್ರತಿಯನ್ನು ಜೋಪಾನ ಮಾಡಿ. ಅಪಘಾತ ಮಾಲೀಕರಿಗೆ ಬೇರೆ ರೀತಿಯಲ್ಲಿ ಗೊತ್ತಾಗಿದ್ದರೆ ನೋಟಿಸ್ ಇಲ್ಲವೆಂಬ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ ಎಂಬ ರಕ್ಷಣೆ ಕಾನೂನಿನಲ್ಲಿದೆ. ಆದರೆ ಅವರಿಗೆ ಗೊತ್ತಿತ್ತು ಎಂದು ಸಾಬೀತು ಮಾಡುವ ಕಷ್ಟ ನಿಮ್ಮದೇ ಆಗುತ್ತದೆ. ನೋಟಿಸ್ ಸಿಕ್ಕ ಮೂರು ದಿನದೊಳಗೆ ಮಾಲೀಕರು ತಮ್ಮ ಖರ್ಚಿನಲ್ಲಿ ವೈದ್ಯಕೀಯ ಪರೀಕ್ಷೆಗೆ ಕರೆಯಬಹುದು. ಹೋಗಿ ಬನ್ನಿ. ಒಲ್ಲೆ ಎಂದರೆ ಅಷ್ಟು ಕಾಲ ಪರಿಹಾರದ ಹಕ್ಕು ಅಮಾನತಿನಲ್ಲಿರುತ್ತದೆ.

ಕೆಲಸಕ್ಕಿದ್ದಿರಿ ಎಂಬುದಕ್ಕೂ ದಾಖಲೆ ಬೇಕು. ನೇಮಕಾತಿ ಪತ್ರ ಇಲ್ಲದವರೇ ಹೆಚ್ಚು. ಅಂಥವರಿಗೆ ಗೇಟ್ ಪಾಸ್, ಬ್ಯಾಂಕಿಗೆ ಅಥವಾ ಫೋನಿಗೆ ಬಂದ ಸಂಬಳದ ಎಂಟ್ರಿ, ಮೇಸ್ತ್ರಿಯ ಹಾಜರಿ ಪುಸ್ತಕದ ಫೋಟೊ, ಶಿಫ್ಟ್ ಬಗ್ಗೆ ಬಂದ ವಾಟ್ಸಾಪ್ ಸಂದೇಶ ಎಲ್ಲವೂ ಕೆಲಸಕ್ಕೆ ಬರುತ್ತವೆ. ಯಂತ್ರದ ಫೋಟೊವನ್ನು ಅದೇ ದಿನ ತೆಗೆಸಿ. ಮರುದಿನಕ್ಕೆ ಅದಕ್ಕೆ ಹೊಸ ಗಾರ್ಡ್ (ಕೈ ಸಿಕ್ಕದಂತೆ ತಡೆಯುವ ಕವಚ) ಬಂದಿರುವುದು ಅಪರೂಪವಲ್ಲ. ಇಬ್ಬರು ಸಹೋದ್ಯೋಗಿಗಳ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಖಾಲಿ ಹಾಳೆಗೆ ಮಾತ್ರ ಯಾರು ಹೇಳಿದರೂ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿ.

ಇಎಸ್‌ಐಯೋ, ನೌಕರರ ಪರಿಹಾರವೋ

ಇವು ಎರಡು ಬೇರೆ ದಾರಿಗಳು: ಇಎಸ್‌ಐ ಎಂದರೆ ವಂತಿಗೆ ಕಟ್ಟಿ ನಡೆಸುವ ನೌಕರರ ರಾಜ್ಯ ವಿಮೆ, ನೌಕರರ ಪರಿಹಾರ ಎಂದರೆ ಮಾಲೀಕರೇ ಕೊಡಬೇಕಾದ ಹಣ. ಇಎಸ್‌ಐ ವ್ಯಾಪ್ತಿಯಲ್ಲಿರುವವರು ಅದೇ ಗಾಯಕ್ಕೆ ಮಾಲೀಕರಿಂದ ನೌಕರರ ಪರಿಹಾರ ಕೇಳುವಂತಿಲ್ಲ. 10 ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದರೆ ಮೊದಲು ಇಎಸ್‌ಐ ನೋಡಿ. ಅಂಗವಿಕಲ ನೌಕರರಿಗೆ ಈ ಮಿತಿ 25,000.

ಇಎಸ್‌ಐಯಲ್ಲಿ ಕೆಲಸದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ; ಸೇರಿದ ಮೊದಲ ದಿನವೇ ಪೆಟ್ಟಾದರೂ ಹಕ್ಕಿದೆ. ಮಾಲೀಕರು ವಂತಿಗೆ ಕಟ್ಟಿರದಿದ್ದರೂ ಅದು ಹೋಗುವುದಿಲ್ಲ. ಇಎಸ್‌ಐ ನಿಗಮ ನಿಮಗೆ ಕೊಟ್ಟು ಅವರಿಂದ ವಸೂಲಿ ಮಾಡಬಹುದು. ಇಲ್ಲಿ ಆಗುವ ದೊಡ್ಡ ತಪ್ಪು ಬೇರೆ. ಮಾಲೀಕರು ಅಪಘಾತ ವರದಿ ಕಳಿಸುವುದಿಲ್ಲ, ಡಿಸ್ಪೆನ್ಸರಿಯಲ್ಲಿ ಸಾಮಾನ್ಯ ಕಾಯಿಲೆಯ ರಜೆ ಸರ್ಟಿಫಿಕೇಟ್ ಬರೆಯುತ್ತಾರೆ, ಕಾರ್ಮಿಕ ಹಣ ಬಂತಲ್ಲ ಎಂದು ಸುಮ್ಮನಾಗುತ್ತಾನೆ. ಕಾಯಿಲೆ ಭತ್ಯೆ ಸಂಬಳದ 70%, ಅದೂ ವರ್ಷಕ್ಕೆ 91 ದಿನ ಮಾತ್ರ. ಕೆಲಸದ ಗಾಯವೆಂದು ದಾಖಲಾದರೆ ತಾತ್ಕಾಲಿಕ ಅಸಮರ್ಥತೆ ಇರುವವರೆಗೂ 90%. ಅದಕ್ಕಿಂತ ಮುಖ್ಯವಾಗಿ, ಶಾಶ್ವತ ನ್ಯೂನತೆ ಉಳಿದರೆ ವೈದ್ಯಕೀಯ ಮಂಡಳಿ ನಿಗದಿ ಮಾಡಿದ ಶೇಕಡಾವಾರಿನ ಮೇಲೆ ಜೀವನಪೂರ್ತಿ ಹಣ ಬರುತ್ತದೆ. ಕಾಯಿಲೆಯ ಸರ್ಟಿಫಿಕೇಟಿನಿಂದ ಆ ದಾರಿ ತೆರೆಯುವುದಿಲ್ಲ. ಆದ್ದರಿಂದ ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಅಪಘಾತ ವರದಿ ಬಂದಿದೆಯೇ ಎಂದು ಕೇಳಿ; ಬಂದಿಲ್ಲದಿದ್ದರೆ ನೀವೇ ಲಿಖಿತ ದೂರು ಕೊಡಿ.

ಇಎಸ್‌ಐ ಇಲ್ಲದವರಿಗೆ, ಅಂದರೆ ಸಣ್ಣ ವರ್ಕ್‌ಶಾಪ್, ಕಟ್ಟಡ ಕೆಲಸ, ಲಾರಿ ಡ್ರೈವರ್ ಮತ್ತು ಕ್ಲೀನರ್, ತೋಟದ ಕೆಲಸಗಾರರಲ್ಲಿ ಹೆಚ್ಚಿನವರಿಗೆ, ನೌಕರರ ಪರಿಹಾರವೇ ದಾರಿ. ಇದು 1923ರ ನೌಕರರ ಪರಿಹಾರ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ 2020 ಜಾರಿಗೆ ಬಂದು, ಅದೇ ವಿಷಯ ಆ ಸಂಹಿತೆಯ ಏಳನೇ ಅಧ್ಯಾಯಕ್ಕೆ ಸೇರಿದೆ. ಲೆಕ್ಕದ ಸೂತ್ರ ಮುಂಚಿನದೇ. ಅರ್ಜಿಯಲ್ಲಿ ಅಪಘಾತದ ದಿನಾಂಕಕ್ಕೆ ಹೊಂದುವ ಕಾನೂನಿನ ಹೆಸರು ಹಾಕುವುದನ್ನು ಮಾತ್ರ ಮರೆಯಬೇಡಿ.

ವಾಹನ ಅಪಘಾತವಾದರೆ ಇನ್ನೊಂದು ಆಯ್ಕೆ ಎದುರಾಗುತ್ತದೆ. ಮೋಟಾರು ವಾಹನ ಅಪಘಾತ ನ್ಯಾಯಮಂಡಳಿಗೂ ಹೋಗಬಹುದು, ನೌಕರರ ಪರಿಹಾರವನ್ನೂ ಕೇಳಬಹುದು, ಆದರೆ ಎರಡನ್ನೂ ಅಲ್ಲ. ತಪ್ಪು ಎದುರಿನ ವಾಹನದ್ದಾಗಿದ್ದರೆ ನ್ಯಾಯಮಂಡಳಿಯಲ್ಲಿ ಸಾಮಾನ್ಯವಾಗಿ ಹೆಚ್ಚು ಸಿಗುತ್ತದೆ, ಏಕೆಂದರೆ ಅಲ್ಲಿ ನೋವು, ಮುಂದಿನ ಚಿಕಿತ್ಸೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ಡ್ರೈವರ್ ತಾನೇ ಮರಕ್ಕೆ ಗುದ್ದಿದ್ದರೆ ನೌಕರರ ಪರಿಹಾರವೇ ಸುರಕ್ಷಿತ. ಅಲ್ಲಿ ತಪ್ಪು ಯಾರದೆಂಬ ಪ್ರಶ್ನೆಯೇ ಏಳುವುದಿಲ್ಲ.

ಈ ಕೊನೆಯ ಮಾತನ್ನು ಬಿಡಿಸಿ ಹೇಳಬೇಕು. ‘ನಿನ್ನ ಅಜಾಗರೂಕತೆಯಿಂದ ಆದದ್ದು, ಏನೂ ಸಿಗಲ್ಲ’ ಎಂದು ಹೆದರಿಸಿ ಎಷ್ಟೋ ಜನರನ್ನು ವಾಪಸ್ ಕಳಿಸುತ್ತಾರೆ. ಅಜಾಗರೂಕತೆ ಪರಿಹಾರ ತಪ್ಪಿಸುವ ಕಾರಣವೇ ಅಲ್ಲ. ಮಾಲೀಕರಿಗೆ ಇರುವ ವಾದಗಳು ಕೆಲವೇ: ಕುಡಿತ ಅಥವಾ ಮಾದಕ ದ್ರವ್ಯದ ಅಮಲಿನಲ್ಲಿ ಆದದ್ದು, ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಬೇಕೆಂದೇ ಮೀರಿದ್ದು, ಸುರಕ್ಷತಾ ಸಾಧನವನ್ನು ಬೇಕೆಂದೇ ತೆಗೆದುಹಾಕಿದ್ದು. ಸಾವು ಅಥವಾ ಪೂರ್ಣ ಶಾಶ್ವತ ಅಸಮರ್ಥತೆ ಆಗಿದ್ದರೆ ಈ ವಾದಗಳೂ ನಡೆಯುವುದಿಲ್ಲ. ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಹಿಂದಿರುಗುವಾಗ ಆದ ಅಪಘಾತವೂ, ಸಮಯ, ಸ್ಥಳ ಮತ್ತು ಕೆಲಸಕ್ಕೆ ನಂಟಿದೆ ಎಂದು ತೋರಿಸಿದರೆ, ಸಂಹಿತೆಯ ವ್ಯಾಪ್ತಿಗೆ ಬರುತ್ತದೆ.

ಎಷ್ಟು ಬರಬೇಕು

ವಕೀಲರನ್ನಾಗಲಿ ಮಾಲೀಕರನ್ನಾಗಲಿ ಕಾಣುವ ಮುಂಚೆ ಲೆಕ್ಕ ನೀವೇ ಮಾಡಿಕೊಳ್ಳಿ. ಪೂರ್ಣ ಶಾಶ್ವತ ಅಸಮರ್ಥತೆಗೆ ತಿಂಗಳ ವೇತನದ 60% ಅನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ಸಾವಾದರೆ 60ರ ಬದಲು 50%. ಗುಣಕ 25 ವಯಸ್ಸಿಗೆ 216.91, 30ಕ್ಕೆ 207.98, 35ಕ್ಕೆ 197.06, 40ಕ್ಕೆ 184.17, 45ಕ್ಕೆ 169.44, 50ಕ್ಕೆ 153.09, 55ಕ್ಕೆ 135.56. ಲೆಕ್ಕಕ್ಕೆ ಹಿಡಿಯುವ ವೇತನಕ್ಕೆ 2020ರ ಜನವರಿಯ ಅಧಿಸೂಚನೆ 15,000 ರೂಪಾಯಿ ಮಿತಿ ಹಾಕಿತು. ಅರ್ಜಿ ಬರೆಯುವ ಮೊದಲು ಹೊಸ ಅಧಿಸೂಚನೆ ಬಂದಿದೆಯೇ ನೋಡಿ.

ಭಾಗಶಃ ನ್ಯೂನತೆಗೆ ಕಾನೂನಿನ ಅನುಸೂಚಿಯಲ್ಲೇ ಶೇಕಡಾವಾರು ಇದೆ. ಹೆಬ್ಬೆರಳು ಪೂರ್ತಿ ಹೋದರೆ 30, ತೋರುಬೆರಳು ಪೂರ್ತಿ ಹೋದರೆ 14, ಒಂದು ಕೈಯ ಎರಡು ಬೆರಳಿಗೆ 20, ಮೂರಕ್ಕೆ 30, ನಾಲ್ಕಕ್ಕೆ 50, ಒಂದು ಕಣ್ಣೇ ಹೋಗಿ ಇನ್ನೊಂದು ಸರಿಯಿದ್ದರೆ 40, ಮುಂಗೈ ಹೋದರೆ 60. ಅಂಗ ದೇಹದಲ್ಲೇ ಉಳಿದಿದ್ದರೂ ಅದರ ಉಪಯೋಗ ಪೂರ್ತಿಯಾಗಿ, ಶಾಶ್ವತವಾಗಿ ಹೋಗಿದ್ದರೆ ಕತ್ತರಿಸಿಹೋದಂತೆಯೇ ಲೆಕ್ಕ.

40 ವರ್ಷದ, 18,000 ಸಂಬಳದ ಕಾರ್ಮಿಕನ ಹೆಬ್ಬೆರಳು ಹೋಗಿದೆ ಎನ್ನಿ. 15,000ದ ಮಿತಿಯಲ್ಲಿ 60% ಎಂದರೆ 9,000. ಅದನ್ನು 184.17ರಿಂದ ಗುಣಿಸಿದರೆ 16,57,530. ಅದರ 30% ಎಂದರೆ 4,97,259 ರೂಪಾಯಿ. ಇದನ್ನು ತಿಳಿಯದವನಿಗೆ ಐವತ್ತು ಸಾವಿರದ ಕಟ್ಟು ದೊಡ್ಡದಾಗಿ ಕಾಣುತ್ತದೆ. ಗುಣಕ ವಯಸ್ಸಿನ ಮೇಲೆ ನಿಂತಿರುವುದರಿಂದ ಆಧಾರ್, ಶಾಲಾ ದಾಖಲೆ, ವೋಟರ್ ಐಡಿಯಲ್ಲಿ ಬೇರೆ ಬೇರೆ ವಯಸ್ಸಿದ್ದರೆ ಯಾವುದನ್ನು ಆಧರಿಸುತ್ತೀರಿ ಎಂದು ಮೊದಲೇ ತೀರ್ಮಾನಿಸಿ, ಕೊನೆಯವರೆಗೂ ಅದನ್ನೇ ಹೇಳಿ.

ಗುಣವಾಗುವ ಗಾಯಕ್ಕೆ 15 ದಿನಕ್ಕೊಮ್ಮೆ ತಿಂಗಳ ವೇತನದ 25%, ಹೆಚ್ಚೆಂದರೆ 5 ವರ್ಷ. 3 ದಿನ ಮೀರದ ಅಸಮರ್ಥತೆಗೆ ಏನೂ ಇಲ್ಲ. 28 ದಿನ ಮುಟ್ಟಿದರೆ ಮೊದಲ ದಿನದಿಂದಲೇ ಲೆಕ್ಕ. ಚಿಕಿತ್ಸೆಯ ನಿಜವಾದ ಖರ್ಚು ಇವೆಲ್ಲದರ ಮೇಲೆ ಪ್ರತ್ಯೇಕ, ಆದ್ದರಿಂದ ಮೆಡಿಕಲ್ ಶಾಪಿನ ಸಣ್ಣ ಬಿಲ್ಲನ್ನೂ ಎಸೆಯಬೇಡಿ.

ಶೇಕಡಾವಾರಿನ ಗೊಂದಲ

ಅನುಸೂಚಿಯಲ್ಲಿ ಇಲ್ಲದ ಗಾಯಗಳಲ್ಲಿ, ಉದಾಹರಣೆಗೆ ಬೆನ್ನುಮೂಳೆ, ತೊಡೆಮೂಳೆಯ ಮುರಿತ ಅಥವಾ ಭುಜದಲ್ಲಿ, ಹೋರಾಟವೆಲ್ಲ ವೈದ್ಯರ ಸರ್ಟಿಫಿಕೇಟಿನ ಮೇಲೆಯೇ. ‘ಕಾಲಿಗೆ 24%, ಇಡೀ ದೇಹಕ್ಕೆ 8%’ ಎಂದಷ್ಟೇ ಬರೆಸಿಕೊಂಡು ಬಂದರೆ ಎದುರಿನವರು 8 ಹಿಡಿಯುತ್ತಾರೆ. ಆದರೆ ಕಾನೂನು ಕೇಳುವುದು ದೇಹದ ನ್ಯೂನತೆಯನ್ನಲ್ಲ, ದುಡಿಯುವ ಸಾಮರ್ಥ್ಯ ಎಷ್ಟು ಕುಗ್ಗಿತು ಎಂಬುದನ್ನು. ಸುಪ್ರೀಂ ಕೋರ್ಟು 1975ರಲ್ಲಿ ಎಡಗೈಯನ್ನು ಮೊಣಕೈ ಮೇಲಿನಿಂದ ಕಳೆದುಕೊಂಡ ಬಡಗಿಗೆ, ಬಡಗಿತನ ಒಂದೇ ಕೈಯಲ್ಲಿ ಆಗದು ಎಂಬ ಕಾರಣಕ್ಕೆ 100% ನಷ್ಟವೆಂದು ಒಪ್ಪಿತು. ಹಾಗಾಗಿ ನೀವು ಮಾಡುತ್ತಿದ್ದ ಕೆಲಸವನ್ನು ವೈದ್ಯರಿಗೆ ವಿವರಿಸಿ: ಎಷ್ಟು ಕಿಲೋ ಎತ್ತುತ್ತಿದ್ದಿರಿ, ಎಷ್ಟು ಹೊತ್ತು ನಿಲ್ಲುತ್ತಿದ್ದಿರಿ, ಏಣಿ ಹತ್ತುತ್ತಿದ್ದಿರೇ. ಅವುಗಳಲ್ಲಿ ಈಗ ಯಾವುದು ಆಗದು ಎಂಬುದನ್ನೂ, ದುಡಿಯುವ ಸಾಮರ್ಥ್ಯದ ನಷ್ಟ ಎಷ್ಟೆಂಬುದನ್ನೂ ಸರ್ಟಿಫಿಕೇಟಿನಲ್ಲಿ ಬರೆಯಲು ಕೇಳಿ. ಚಿಕಿತ್ಸೆ ಕೊಟ್ಟ ವೈದ್ಯರೇ ಸಾಕ್ಷಿ ನುಡಿದರೆ ತೂಕ ಹೆಚ್ಚು. ಮೂಳೆ ಕೂಡುವ ಮೊದಲೇ ಅವಸರದಲ್ಲಿ ಸರ್ಟಿಫಿಕೇಟ್ ಮಾಡಿಸಿದರೆ ‘ಇನ್ನೂ ಗುಣವಾಗಬಹುದು’ ಎಂಬ ಒಂದೇ ಮಾತಿನಿಂದ ಅದನ್ನು ತಳ್ಳಿಹಾಕುತ್ತಾರೆ.

ಅರ್ಜಿ ಹಾಕುವಾಗ

ಅಪಘಾತ ಅಥವಾ ಸಾವಿನ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಸಕಾರಣವಿದ್ದರೆ ತಡವನ್ನು ಮನ್ನಿಸಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ಯಾವ ಪ್ರಾಧಿಕಾರದ (ಪರಿಹಾರದ ಅರ್ಜಿ ವಿಚಾರಿಸಿ ಆದೇಶ ಕೊಡುವ ಅಧಿಕಾರಿಯ) ಮುಂದೆ ಹಾಕಬೇಕೆಂದು ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲಿ ಹೇಳುತ್ತಾರೆ. ಅಪಘಾತವಾದ ಸ್ಥಳದಲ್ಲೇ ಹಾಕಬೇಕೆಂದಿಲ್ಲ; ನೀವು ವಾಸವಿರುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ಬೆಂಗಳೂರಿನ ಸೈಟಿನಲ್ಲಿ ಬಿದ್ದು ಕಲಬುರಗಿಯ ಹಳ್ಳಿಗೆ ಮರಳಿದವರಿಗೆ ಇದು ದೊಡ್ಡ ಅನುಕೂಲ.

ಎದುರುದಾರರ ಪಟ್ಟಿಯಲ್ಲಿ ಮೇಸ್ತ್ರಿ ಅಥವಾ ಗುತ್ತಿಗೆದಾರನ ಹೆಸರನ್ನಷ್ಟೇ ಹಾಕಬೇಡಿ. ಕೆಲಸ ಮಾಡಿಸಿಕೊಳ್ಳುತ್ತಿದ್ದ ಮೂಲ ಮಾಲೀಕರೂ ಹೊಣೆಗಾರರು. ವಿಮೆ ಇದ್ದರೆ ವಿಮಾ ಕಂಪನಿಯನ್ನೂ ಸೇರಿಸಿ. ಆದೇಶವಾದ ಮೇಲೆ ಗುತ್ತಿಗೆದಾರ ನಾಪತ್ತೆಯಾದರೆ ಹಣ ಬರುವುದು ಈ ಇಬ್ಬರಿಂದಲೇ. ಕಾರ್ಖಾನೆಯಾಗಿದ್ದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಹೋದ ಅಪಘಾತದ ವರದಿಯನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಿರಿ. ಮಾಲೀಕರೇ ಬರೆದು ಕೊಟ್ಟ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ.

ಬಡ್ಡಿ ಕೇಳುವುದನ್ನು ಅರ್ಜಿಯಲ್ಲೇ ಬರೆಯಿರಿ. ಪರಿಹಾರ ಬಾಕಿಯಾಗುವುದು ಆದೇಶದ ದಿನದಂದಲ್ಲ, ಅಪಘಾತದ ದಿನದಂದೇ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12% ಬಡ್ಡಿ. ಸಕಾರಣವಿಲ್ಲದೆ ತಡಮಾಡಿದ್ದರೆ ಮೊತ್ತದ 50%ವರೆಗೆ ದಂಡವನ್ನೂ ಮಾಲೀಕರ ಮೇಲೆ ಹಾಕಬಹುದು. ಮೇಲಿನ ಹೆಬ್ಬೆರಳಿನ ಲೆಕ್ಕದಲ್ಲಿ ಬಡ್ಡಿಯೇ ವರ್ಷಕ್ಕೆ ಸುಮಾರು 59,670 ರೂಪಾಯಿ.

ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಉಚಿತ ನೆರವಿಗೆ ಅರ್ಹರೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯೇ ಹೇಳುತ್ತದೆ. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದವರು ಕಲ್ಯಾಣ ಮಂಡಳಿಯ ಅಪಘಾತ ಸಹಾಯಧನಕ್ಕೂ ಬೇರೆಯಾಗಿ ಅರ್ಜಿ ಹಾಕಲಿ.

ರಾಜಿ ಮತ್ತು ಸಾವಿನ ಪ್ರಕರಣ

‘ಪರಿಹಾರ ಕೇಳುವುದಿಲ್ಲ’ ಎಂದು ಬರೆಸಿಕೊಂಡ ಒಪ್ಪಂದ ಕಾನೂನಿನ ಮುಂದೆ ಶೂನ್ಯ. ಮೊತ್ತಕ್ಕೆ ಒಪ್ಪಿ ರಾಜಿಯಾಗಬಹುದು, ಆದರೆ ಅದು ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಮೊತ್ತ ತೀರಾ ಕಡಿಮೆ ಎನಿಸಿದರೆ ಅವರು ನೋಂದಾಯಿಸಲು ನಿರಾಕರಿಸಬಹುದು. ಬಾಂಡ್ ಪೇಪರಿನ ಮೇಲೆ ಊರ ಹಿರಿಯರು ಬರೆಸಿದ್ದನ್ನು ನೋಡಿ ಧೈರ್ಯಗೆಡಬೇಡಿ.

ಸಾವಾದಾಗ ಪರಿಹಾರದ ಹಣವನ್ನು ಮಾಲೀಕರು ಮನೆಯವರ ಕೈಗೆ ಕೊಡುವಂತಿಲ್ಲ, ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು. ವಿಧವೆ, ಮಕ್ಕಳು, ತಂದೆತಾಯಿಯ ನಡುವೆ ಹಂಚುವುದು ಪ್ರಾಧಿಕಾರವೇ. ಎಫ್‌ಐಆರ್ ಅಥವಾ ಯುಡಿಆರ್ (ಅಸಹಜ ಸಾವಿನ ಪೊಲೀಸ್ ವರದಿ) ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ ಇವನ್ನು ಹೊಂದಿಸಿಕೊಳ್ಳಿ. ವಂಶವೃಕ್ಷದಲ್ಲಿ ಒಬ್ಬರ ಹೆಸರು ಬಿಟ್ಟರೂ ಹಂಚಿಕೆ ತಿಂಗಳುಗಟ್ಟಲೆ ನಿಲ್ಲುತ್ತದೆ.

ಆದೇಶದ ಮೇಲೆ 60 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು. ಆದರೆ ಮಾಲೀಕರು ಮೇಲ್ಮನವಿ ಹಾಕಬೇಕಾದರೆ ಆದೇಶದ ಮೊತ್ತವನ್ನು ಮೊದಲು ಠೇವಣಿ ಇಟ್ಟಿರಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ವಸೂಲಿಗೆ ಅದೇ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಭೂಕಂದಾಯದ ಬಾಕಿಯಂತೆ ಅದನ್ನು ವಸೂಲಿ ಮಾಡುವ ಅಧಿಕಾರ ಅವರಿಗಿದೆ.